ಹೈಬ್ರಿಡ್ ಸೂಪರ್‌ಕಾರು ಮತ್ತು ಎಂಟನೇ ವರ್ಷದ ಪ್ರಶ್ನೆ

2025ರ ಜುಲೈನಲ್ಲಿ ಬೆಂಗಳೂರಿನ ಸಾರಿಗೆ ಅಧಿಕಾರಿಗಳು ಮಹಾರಾಷ್ಟ್ರದಲ್ಲಿ ನೋಂದಣಿಯಾಗಿದ್ದ ಕೆಂಪು ಫೆರಾರಿಯೊಂದನ್ನು ಹಿಡಿದು 1.41 ಕೋಟಿ ರೂಪಾಯಿ ರಸ್ತೆ ತೆರಿಗೆ ಕಟ್ಟಿಸಿಕೊಂಡರು. ಪತ್ರಿಕೆ ಓದಿದವರೆಲ್ಲ ತೆರಿಗೆಯ ಮೊತ್ತ ಕಂಡು ಮೂಗಿನ ಮೇಲೆ ಬೆರಳಿಟ್ಟರು. ನಾನು ನೋಡಿದ್ದು ಕಾರಿನ ಹೆಸರನ್ನು. ಅದು ಎಸ್‌ಎಫ್90 ಸ್ಟ್ರಾಡಾಲೆ. 2019ರಲ್ಲಿ ಬಂದ, ಮನೆಯ ಪ್ಲಗ್ಗಿಗೆ ಸಿಕ್ಕಿಸಿ ಚಾರ್ಜ್ ಮಾಡಬಹುದಾದ ಮೊದಲ ಫೆರಾರಿ. ನಾಲ್ಕು ಲೀಟರಿನ, ಎಂಟು ಸಿಲಿಂಡರಿನ ವಿ8 ಎಂಜಿನ್ನಿನಿಂದ 780 ಅಶ್ವಶಕ್ತಿ, ಮೂರು ವಿದ್ಯುತ್ ಮೋಟಾರುಗಳಿಂದ 220, ಒಟ್ಟು ಒಂದು ಸಾವಿರ. ಹೀಗೆ ಪೆಟ್ರೋಲ್ ಎಂಜಿನ್ನೂ ವಿದ್ಯುತ್ ಮೋಟಾರೂ ಸೇರಿ ಎಳೆಯುವ ಕಾರೇ ಹೈಬ್ರಿಡ್. ಇಂತಹ ಕಾರು ನಮ್ಮ ಹೊರವರ್ತುಲ ರಸ್ತೆಗೆ ಬಂದರೆ ದಿನದ ಬಹುಪಾಲು ಬರಿಯ ಬ್ಯಾಟರಿಯ ಮೇಲೆ, ಒಂದು ಸಿಗ್ನಲ್‌ನಿಂದ ಮುಂದಿನ ಸಿಗ್ನಲ್‌ವರೆಗೆ ಸದ್ದಿಲ್ಲದೆ ತೆವಳುತ್ತಿರುತ್ತದೆ ಎಂದು ಯೋಚಿಸಿ ನಗು ಬಂತು.

ಆದರೆ ಅಂಥದೇ ಕಾರನ್ನು ಕೊಳ್ಳಬೇಕೇ ಎಂದು ನನ್ನ ಭಾವ ಕೇಳಿದಾಗ ನಗುವ ಹಾಗಿರಲಿಲ್ಲ. ಭಾವ ಚಿಕ್ಕಮಗಳೂರಿನ ತೋಟದ ಮನೆಯಲ್ಲಿ ಬೆಳೆದವರು. ಕಾಲೇಜಿನ ದಿನಗಳಲ್ಲಿ ಹಳೆಯ ಮಾರುತಿ ಜಿಪ್ಸಿ ಹಿಡಿದು ಕಾಫಿ ತೋಟದ ಮಣ್ಣುದಾರಿಗಳಲ್ಲಿ ನಡೆಯುತ್ತಿದ್ದ ರ‍್ಯಾಲಿಗಳಲ್ಲಿ ಧೂಳು ಕುಡಿದವರು. ಆಮೇಲೆ ಬೆಂಗಳೂರಿಗೆ ಬಂದು, ಗೆಳೆಯರೊಡನೆ ಕಂಪನಿ ಕಟ್ಟಿ, ಈಚೆಗೆ ತಮ್ಮ ಪಾಲನ್ನು ಮಾರಿ ಕೈತುಂಬ ಹಣ ಇಟ್ಟುಕೊಂಡು ಕುಳಿತಿದ್ದಾರೆ. "ವಯಸ್ಸು ಐವತ್ತು ದಾಟಿತು. ಸೊಂಟ ಇನ್ನೂ ಬಗ್ಗುತ್ತದೆ. ಈಗ ಕೊಳ್ಳದಿದ್ದರೆ ಇನ್ನು ಯಾವಾಗಯ್ಯಾ? ನೀನು ಎಂಜಿನಿಯರ್, ಲೆಕ್ಕ ಹಾಕಿ ಹೇಳು" ಎಂದರು. ಅವರ ಕಣ್ಣು ಬಿದ್ದಿದ್ದು ಎಸ್‌ಎಫ್90 ಮೇಲಲ್ಲ, ಅದರ ತಮ್ಮನಂತಿರುವ 296 ಜಿಟಿಬಿಯ ಮೇಲೆ. 2022ರಲ್ಲಿ ಭಾರತಕ್ಕೆ ಬಂದಾಗ ಅದರ ಷೋರೂಮ್ ಬೆಲೆ 5.40 ಕೋಟಿ.

ಒಂದು ಕಾರಿಗೆ ಅಷ್ಟು ಹಣ ಸುರಿಯುವುದು ಸರಿಯೇ ಎಂಬ ಪ್ರಶ್ನೆಯನ್ನು ನಾನು ಮುಟ್ಟುವುದಿಲ್ಲ. ಅದಕ್ಕೆ ಉತ್ತರ ಹೇಳಬೇಕಾದವಳು ಅಕ್ಕ. ನಿಲ್ಲಿಸಿ ನೋಡುವುದಕ್ಕೆ, ಮದುವೆ ಮನೆಯ ಮುಂದೆ ಇಳಿಯುವುದಕ್ಕೆ ಕೊಳ್ಳುವವರ ವಿಚಾರವೂ ನನ್ನದಲ್ಲ. ಅವರ ಮಟ್ಟಿಗೆ ಎಲ್ಲ ಸೂಪರ್‌ಕಾರೂ ಒಂದೇ. ಓಡಿಸುವುದೇ ಸುಖ ಎಂದುಕೊಂಡ ಮನುಷ್ಯನೊಬ್ಬ, ಬೆಳಗಿನ ಜಾವ ಎದ್ದು ಯಾವ ಕೆಲಸವೂ ಇಲ್ಲದೆ ಘಟ್ಟ ಇಳಿದು ಹತ್ತಿ ಬರುವಂಥವನು, ಈ ದುಬಾರಿ ಹೈಬ್ರಿಡ್‌ನಿಂದ ಏನು ಪಡೆಯುತ್ತಾನೆ ಎಂಬುದಷ್ಟೇ ನನ್ನ ಕುತೂಹಲ.

ಮೊದಲು ಯಂತ್ರಕ್ಕೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡುತ್ತೇನೆ. 296 ಎಂದರೆ 2.9 ಲೀಟರ್, ಆರು ಸಿಲಿಂಡರ್. ಫೆರಾರಿ ಎಂಬ ಹೆಸರು ಹೊತ್ತ ರಸ್ತೆ ಕಾರಿಗೆ ವಿ6 ಎಂಜಿನ್ ಬಂದದ್ದು ಇದೇ ಮೊದಲು. 1960ರ ದಶಕದ ಕೊನೆಯಲ್ಲಿ ಬಂದ ಡೀನೊ ಕಾರುಗಳಲ್ಲೂ ವಿ6 ಇತ್ತು, ಆದರೆ ಎನ್ಜೊ ಫೆರಾರಿ ಅವುಗಳಿಗೆ ಕಂಪನಿಯ ಹೆಸರು ಕೊಡದೆ 1956ರಲ್ಲಿ ತೀರಿಕೊಂಡ ಮಗನ ಹೆಸರನ್ನು ಇಟ್ಟಿದ್ದರು. 296ರ ಎಂಜಿನ್ನಿನಲ್ಲಿ ಎರಡು ಸಾಲು ಸಿಲಿಂಡರುಗಳು 120 ಡಿಗ್ರಿಗಳಷ್ಟು ಅಗಲಕ್ಕೆ ಬಾಯಿ ತೆರೆದು ಕುಳಿತಿವೆ. ಎಂಜಿನ್ ಉಗುಳುವ ಬಿಸಿಗಾಳಿಯಿಂದ ಗಾಲಿ ತಿರುಗಿಸಿ ಒಳಗೆ ಹೆಚ್ಚು ಗಾಳಿ ತುರುಕುವ ಎರಡೂ ಟರ್ಬೊಗಳನ್ನು ಆ ಅಗಲದ ನಡುವೆಯೇ ಕೂರಿಸಿದ್ದಾರೆ. ಎಂಜಿನ್ ನೆಲಕ್ಕೆ ಹತ್ತಿರವಾಯಿತು, ಬಿಸಿಗಾಳಿ ಟರ್ಬೊ ಮುಟ್ಟುವ ದಾರಿಯೂ ಚಿಕ್ಕದಾಯಿತು. ಸಿಲಿಂಡರುಗಳು ಸಮ ಅಂತರದಲ್ಲಿ ಸಿಡಿಯುವುದರಿಂದ ಸದ್ದು ಎಷ್ಟು ಹದವಾಗಿ ಬಂತೆಂದರೆ, ಅದನ್ನು ಕಟ್ಟುತ್ತಿದ್ದವರೇ "ಪುಟ್ಟ ವಿ12" ಎಂದು ಮುದ್ದಿನ ಹೆಸರಿಟ್ಟರು. ಎಂಜಿನ್ನಿನದು 663 ಅಶ್ವಶಕ್ತಿ. ಅದಕ್ಕೂ ಗೇರ್‌ಬಾಕ್ಸಿಗೂ ನಡುವೆ ಕುಳಿತ ವಿದ್ಯುತ್ ಮೋಟಾರಿನದು 167. ಒಟ್ಟು 830. ಎಲ್ಲವೂ ಹಿಂದಿನ ಎರಡು ಚಕ್ರಗಳಿಗೇ ಹೋಗುತ್ತದೆ. ಬ್ಯಾಟರಿ 7.45 ಕಿಲೋವ್ಯಾಟ್ ಗಂಟೆಯದು. ಅದರ ಮೇಲೆಯೇ ಸುಮಾರು 25 ಕಿಲೋಮೀಟರ್ ಸಾಗಬಹುದು.

ಮೋಟಾರು ಯಾಕೆ ಬೇಕು? ಟರ್ಬೊ ಎಂಜಿನ್ನಿಗೆ ಒಂದು ಹುಟ್ಟುಗುಣವಿದೆ. ಕಾಲು ಒತ್ತಿದಾಗ ಬಿಸಿಗಾಳಿ ಹರಿದು, ಗಾಲಿ ತಿರುಗಿ, ಒತ್ತಡ ಏರಿ, ಆಮೇಲೆ ಶಕ್ತಿ ಬರಬೇಕು. ಆ ನಡುವಿನ ಕ್ಷಣದಲ್ಲಿ ಕಾರು ನಿಮ್ಮ ಮಾತು ಕೇಳಿಸಿಕೊಂಡರೂ ಮಾಡುವುದಿಲ್ಲ. ವಿದ್ಯುತ್ ಮೋಟಾರಿಗೆ ಈ ಕಾಯುವಿಕೆ ಇಲ್ಲ, ನಿಂತಲ್ಲಿಂದಲೇ ಪೂರ್ತಿ ಎಳೆತ. ಎರಡನ್ನೂ ಹೊಲಿದು ಜೋಡಿಸಿದರೆ ಟರ್ಬೊ ಇರುವುದೇ ಗೊತ್ತಾಗುವುದಿಲ್ಲ. ಕಾಗದದ ಮೇಲೆ ಓದಿದಾಗ ಇದು ಮಾರಾಟದ ಮಾತಿನಂತೆ ಕಾಣುತ್ತದೆ. ಭಾವನಿಗೆ ಪರಿಚಯದವರೊಬ್ಬರು ತಮ್ಮ 296 ಅನ್ನು ಒಂದು ಬೆಳಿಗ್ಗೆ ನಮ್ಮ ಕೈಗೆ ಕೊಟ್ಟಾಗ ಮಾತು ನಿಜವೆಂದು ಒಪ್ಪಬೇಕಾಯಿತು.

ಅವರ ಅಪಾರ್ಟ್‌ಮೆಂಟಿನ ನೆಲಮಹಡಿಯಿಂದ ಕಾರು ಸದ್ದಿಲ್ಲದೆ ಹೊರಟಿತು. ಕಾವಲುಗಾರ ತಲೆ ಎತ್ತಿ ನೋಡಿದ್ದು ಗೇಟಿನ ಹತ್ತಿರ ಬಂದ ಮೇಲೆಯೇ. ರಸ್ತೆ ಉಬ್ಬು ಬಂದಾಗಲೆಲ್ಲ ಗುಂಡಿ ಒತ್ತಿ ಮೂತಿ ಎತ್ತಿಸುವುದು, ದಾಟಿದ ಮೇಲೆ ಇಳಿಸುವುದು. ಹೊಸಕೋಟೆ ತಲುಪುವಷ್ಟರಲ್ಲಿ ಆ ಗುಂಡಿಯೇ ನನಗೆ ಅತ್ಯಂತ ಪರಿಚಿತವಾಗಿತ್ತು. ಬೇತಮಂಗಲದ ಕಡೆಗೆ ತೆರೆದಿರುವ ಚೆನ್ನೈ ಎಕ್ಸ್‌ಪ್ರೆಸ್‌ವೇ ಹತ್ತಿದ ಮೇಲೆ ಎಂಜಿನ್ ಎಚ್ಚರವಾಯಿತು. ಸ್ಟೀರಿಂಗ್ ಹಗುರ, ಚುರುಕು. ಯೋಚಿಸಿದ ಕಡೆಗೆ ಮೂತಿ ತಿರುಗುತ್ತದೆ. ಎರಡನೇ ಗೇರಿನಲ್ಲಿ ಕಾಲು ಒತ್ತಿದಾಗ ಬಂದ ಎಳೆತದಲ್ಲಿ ಎಲ್ಲಿಯೂ ಬಿರುಕಿರಲಿಲ್ಲ. ಮೋಟಾರಿನದು ಎಲ್ಲಿ ಮುಗಿಯಿತು, ಎಂಜಿನ್ನಿನದು ಎಲ್ಲಿ ಶುರುವಾಯಿತು ಎಂದು ಹುಡುಕುತ್ತಿರುವಾಗಲೇ ವೇಗದ ಮಿತಿ ಬಂದುಬಿಟ್ಟಿತ್ತು. ಪಕ್ಕದಲ್ಲಿ ಕುಳಿತ ಭಾವ ಮಾತಾಡಲಿಲ್ಲ. ಆಮೇಲೆ ಅವರು ಓಡಿಸುವಾಗ ನಾನೂ ಮಾತಾಡಲಿಲ್ಲ.

ಹಾಗಾದರೆ ತಕರಾರು ಏನು?

ಎಕ್ಸ್‌ಪ್ರೆಸ್‌ವೇ ಬಿಟ್ಟು ಹಳ್ಳಿಗಳ ನಡುವಿನ ಡಾಂಬರು ದಾರಿಯಲ್ಲಿ ತಿರುವುಗಳು ಸಿಕ್ಕಿದಾಗ ನಾನು ಬೇಕೆಂದೇ ಗೇರನ್ನು ಹೆಚ್ಚಿಗೆ ಇಟ್ಟು ನೋಡಿದೆ. ಎರಡರಲ್ಲಿ ಹೋಗಬೇಕಾದ ತಿರುವಿಗೆ ನಾಲ್ಕರಲ್ಲಿ ಹೋದೆ. ಸಾಮಾನ್ಯವಾಗಿ ಇದಕ್ಕೆ ಕಾರು ಶಿಕ್ಷೆ ಕೊಡುತ್ತದೆ. ತಿರುವಿನಿಂದ ಹೊರಬರುವಾಗ ಉಸಿರು ಕಟ್ಟಿದಂತಾಗಿ ಗೊಣಗುತ್ತದೆ, ನಿಮಗೆ ನಾಚಿಕೆಯಾಗುತ್ತದೆ, ಮುಂದಿನ ತಿರುವಿಗೆ ಮೊದಲೇ ಗೇರು ಇಳಿಸುತ್ತೀರಿ. 296 ಶಿಕ್ಷೆ ಕೊಡಲಿಲ್ಲ. ಮೋಟಾರು ಕೈ ಹಿಡಿದು ಎಳೆದುಕೊಂಡು ಹೋಯಿತು. ಸರಿಯಾದ ಗೇರಿನಲ್ಲಿ ಹೋದಾಗಲೂ, ತಪ್ಪು ಗೇರಿನಲ್ಲಿ ಹೋದಾಗಲೂ ಹೆಚ್ಚುಕಡಿಮೆ ಒಂದೇ ಫಲ. ಓಡಿಸುವವನ ಸುಖದ ಬಹುಪಾಲು ಇರುವುದು ಇಲ್ಲಿಯೇ ಎಂದು ನನ್ನ ನಂಬಿಕೆ: ಯಾವಾಗ ಬ್ರೇಕು, ಯಾವ ಗೇರು, ಎಷ್ಟು ಕಾಲು ಎಂಬ ಸಣ್ಣ ನಿರ್ಧಾರಗಳು ಸರಿಯಾದಾಗ ಸಿಗುವ ಶಹಬಾಸ್‌ಗಿರಿಯಲ್ಲಿ. ತಪ್ಪಿಗೆ ಬೆಲೆ ಇಲ್ಲದ ಕಡೆ ಸರಿಗೂ ಬೆಲೆ ಇರುವುದಿಲ್ಲ. ಭಾವ ಜಿಪ್ಸಿಯಲ್ಲಿ ಪಡೆದದ್ದು ಇದನ್ನೇ. ಆ ಗಾಡಿಯಲ್ಲಿ ನೂರು ಅಶ್ವಶಕ್ತಿಯೂ ಇರಲಿಲ್ಲ, ಆದರೆ ಪ್ರತಿಯೊಂದು ತಿರುವಿನಲ್ಲೂ ಅದು ಚಾಲಕನಿಗೆ ಅಂಕ ಕೊಡುತ್ತಿತ್ತು.

ನನ್ನ ಈ ಮಾತನ್ನು ಭಾವ ಪೂರ್ತಿ ಒಪ್ಪಲಿಲ್ಲ. "ಟರ್ಬೊ ಏಳುವುದನ್ನು ಕಾಯುವುದು ಕೌಶಲವೇನು? ಅದು ಕಾರಿನ ದೋಷ. ದೋಷ ಸರಿಪಡಿಸಿದರೆ ಓಡಿಸುವವನಿಗೆ ಲಾಭವೇ ಅಲ್ಲವೇ?" ಎಂದರು. ಅವರ ಮಾತಿನಲ್ಲಿ ಹುರುಳಿದೆ. ಮೊದಲಿನ ಟರ್ಬೊ ಕಾರುಗಳ ಜೊತೆಗೆ ಇಟ್ಟು ನೋಡಿದರೆ 296 ಮೇಲು. ಆದರೆ ಟರ್ಬೊ ಇಲ್ಲದ, ಬಾಯಿ ತೆರೆದು ಗಾಳಿ ಕುಡಿಯುವ ಎಂಜಿನ್ನಿನ ಜೊತೆಗೆ ಇಟ್ಟು ನೋಡಿದರೆ ಲೆಕ್ಕ ಬದಲಾಗುತ್ತದೆ. ಪೋರ್ಷೆ 911 ಜಿಟಿ3ರ ನಾಲ್ಕು ಲೀಟರಿನ ಎಂಜಿನ್ ನಿಮಿಷಕ್ಕೆ 9,000 ಸುತ್ತಿನವರೆಗೆ ಏರುತ್ತದೆ. ಅದರ ನಿಜವಾದ ಶಕ್ತಿ ಇರುವುದು ಮೇಲಿನ ಅಟ್ಟದಲ್ಲಿ. ಕೆಳಗಿನ ಸುತ್ತುಗಳಲ್ಲಿ ನೀವು ಸೋಮಾರಿಯಾಗಿದ್ದರೆ ಅದೂ ಸೋಮಾರಿ. ಅಲ್ಲಿಗೆ ಹತ್ತಿಸುವ ಕೆಲಸ ಚಾಲಕನದು. ಆ ಕಾರಿನ ಹಿಂದಿನ ಅವತರಣಿಕೆ 2021ರಲ್ಲಿ ಭಾರತಕ್ಕೆ ಬಂದಾಗ ಬೆಲೆ 2.50 ಕೋಟಿ, ಎಂದರೆ 296ರ ಅರ್ಧಕ್ಕಿಂತಲೂ ಕಡಿಮೆ. ಅಶ್ವಶಕ್ತಿ 510. ಹೋಲಿಸಿದರೆ ಬಡಕಲು ಎನ್ನಿಸಬಹುದು, ಆದರೆ ಆಗುಂಬೆಯ ತಿರುವುಗಳಲ್ಲಿ 510 ಅಶ್ವಶಕ್ತಿ ಸಾಲಲಿಲ್ಲ ಎಂದವನನ್ನು ನಾನು ಕಂಡಿಲ್ಲ.

ಎರಡನೆಯ ತಕರಾರು ತೂಕ. 296ರ ಹಿಂದಿನ ಕಾರು ಎಫ್8 ಟ್ರಿಬ್ಯೂಟೊ ಕಂಪನಿಯ ಲೆಕ್ಕದಲ್ಲಿ 1,330 ಕಿಲೊ. 296, 1,470. ಎರಡೂ ಎಣ್ಣೆ ನೀರು ತುಂಬದ, ಹಗುರಗೊಳಿಸುವ ದುಬಾರಿ ಬಿಡಿಭಾಗ ಹಾಕಿದ ಲೆಕ್ಕ. 140 ಕಿಲೊ ವ್ಯತ್ಯಾಸವನ್ನು ಫೆರಾರಿ ಚಾಕಚಕ್ಯತೆಯಿಂದ ಬಚ್ಚಿಟ್ಟಿದೆ. ಚಕ್ರಗಳ ನಡುವಿನ ಅಂತರವನ್ನು ಕಿರಿದು ಮಾಡಿ, ಭಾರವನ್ನು ಕೆಳಗೆ, ಮಧ್ಯಕ್ಕೆ ಸರಿಸಿ. ಲ್ಯಾಂಬೊರ್ಗಿನಿಗೆ ಇಷ್ಟೂ ಆಗಲಿಲ್ಲ. ವಿ10 ಎಂಜಿನ್ನಿನ ಹುರಕಾನ್ ಇವೊ 1,422 ಕಿಲೊ ಇದ್ದರೆ, ಅದರ ಜಾಗಕ್ಕೆ 2024ರಲ್ಲಿ ಬಂದ ಹೈಬ್ರಿಡ್ ತೆಮೆರಾರಿಯೊ 1,690 ಕಿಲೊ. ನಾಲ್ಕು ಜನ ವಯಸ್ಕರನ್ನು ಸದಾ ಹೊತ್ತುಕೊಂಡೇ ಓಡಾಡಿದ ಹಾಗಾಯಿತು, ಇರುವುದು ಎರಡೇ ಆಸನವಾದರೂ. ಅದಕ್ಕೆ ಪ್ರತಿಯಾಗಿ 920 ಅಶ್ವಶಕ್ತಿ, 10,000 ಸುತ್ತು ತಿರುಗುವ ವಿ8. ವೇಗಕ್ಕೆ ಕೊರತೆಯಿಲ್ಲ. ಆದರೆ ಭಾರವೆಂಬುದು ನೇರ ದಾರಿಯಲ್ಲಿ ತಲೆತಪ್ಪಿಸಿಕೊಂಡರೂ ಬ್ರೇಕಿನಲ್ಲಿ, ತಿರುವಿನಲ್ಲಿ, ಟೈರಿನ ಖರ್ಚಿನಲ್ಲಿ ಸಿಕ್ಕಿಬೀಳುತ್ತದೆ.

ಬ್ರೇಕಿನ ವಿಷಯಕ್ಕೆ ಬಂದರೆ ನನಗೆ ಇಷ್ಟವಾದ ಹೈಬ್ರಿಡ್ ಫೆರಾರಿಯದಲ್ಲ, ಮೆಕ್‌ಲಾರೆನ್ನಿನ ಆರ್ಟೂರ. ಹೈಬ್ರಿಡ್ ಕಾರು ನಿಧಾನಿಸುವಾಗ ಮೋಟಾರು ಹಿಮ್ಮುಖವಾಗಿ ದುಡಿದು ಬ್ಯಾಟರಿ ತುಂಬುತ್ತದೆ. ಮೋಟಾರಿನ ತಡೆ ಎಷ್ಟು, ಡಿಸ್ಕಿನ ತಡೆ ಎಷ್ಟು ಎಂದು ಪ್ರತಿಕ್ಷಣವೂ ಕಂಪ್ಯೂಟರ್ ಹಂಚಬೇಕು. ಹಾಗಾಗಿ ನಿಮ್ಮ ಪಾದಕ್ಕೆ ತಾಗುವ ಒತ್ತಡ ಡಿಸ್ಕಿನಿಂದ ನೇರವಾಗಿ ಬಂದದ್ದಲ್ಲ, ತಯಾರಿಸಿದ್ದು. ಮೆಕ್‌ಲಾರೆನ್ನಿನವರು ಪೆಡಲಿನ ಅನುಭವ ಕೆಡಬಾರದೆಂದು ಈ ಏರ್ಪಾಡನ್ನೇ ಬಿಟ್ಟರು. ಆರ್ಟೂರದ ಬ್ಯಾಟರಿ ತುಂಬುವುದು ಪ್ಲಗ್‌ನಿಂದ ಅಥವಾ ಎಂಜಿನ್ನಿನಿಂದ, ಬ್ರೇಕಿನಿಂದ ಅಲ್ಲ. ಸ್ಟೀರಿಂಗಿನಲ್ಲೂ ಹಳೆಯ ಹೈಡ್ರಾಲಿಕ್ ವ್ಯವಸ್ಥೆಯನ್ನೇ ಉಳಿಸಿಕೊಂಡರು. ಮೋಟಾರಿನ ತೂಕ 15.4 ಕಿಲೊ, ಇಡೀ ಕಾರು ಎಣ್ಣೆ ನೀರು ಸೇರಿ 1,498 ಕಿಲೊ. ಎಂಜಿನಿಯರ್ ಒಬ್ಬ ಕುಳಿತು, ಬ್ಯಾಟರಿಗಿಂತ ಚಾಲಕನ ಪಾದ ಮುಖ್ಯ ಎಂದು ತೀರ್ಮಾನಿಸಿ ಸಹಿ ಹಾಕಿರುವುದು ಎದ್ದು ಕಾಣುತ್ತದೆ. ಮಾರುಕಟ್ಟೆ ಅದಕ್ಕೆ ಬಹುಮಾನ ಕೊಟ್ಟಿತೇ ಎಂದರೆ ಇಲ್ಲ. ಬಳಸಿದ ಆರ್ಟೂರಗಳ ಬೆಲೆ ಯುರೋಪು ಅಮೆರಿಕಗಳಲ್ಲಿ ಜಾರಿದ ರಭಸ ನೋಡಿದರೆ ಹೊಟ್ಟೆ ಉರಿಯುತ್ತದೆ. ಕೊಂಡವರಿಗೆ ಉರಿ, ಎರಡನೇ ಕೈಗೆ ಕೊಳ್ಳುವವರಿಗೆ ತಂಪು.

ಇನ್ನು ರಸ್ತೆ. 296 ನಿಂತಲ್ಲಿಂದ ಗಂಟೆಗೆ ನೂರು ಕಿಲೋಮೀಟರ್ ವೇಗ ಮುಟ್ಟಲು 2.9 ಸೆಕೆಂಡು, ಇನ್ನೂರಕ್ಕೆ 7.3 ಸೆಕೆಂಡು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರುಗಳ ಮಿತಿ ನೂರು. 2024ರ ಆಗಸ್ಟ್ ಒಂದರಿಂದ ರಾಜ್ಯದಲ್ಲಿ 130 ದಾಟಿದರೆ ದಂಡದ ಚೀಟಿಯಲ್ಲಿ ಮುಗಿಯುವುದಿಲ್ಲ, ಎಫ್‌ಐಆರ್ ಆಗುತ್ತದೆ. ಆ ಹೆದ್ದಾರಿಯಲ್ಲಿ ಸತ್ತವರ ಸಂಖ್ಯೆ ಓದಿದ ಯಾರೂ ಈ ನಿಯಮವನ್ನು ಬೈಯಲಾರರು. ಅಂದರೆ ಈ ಕಾರಿನ ಪೂರ್ಣ ಶಕ್ತಿಯನ್ನು ನೀವು ಕಾನೂನಿನೊಳಗೆ ಇದ್ದುಕೊಂಡು ಅನುಭವಿಸಬಹುದಾದದ್ದು ಮೂರು ಸೆಕೆಂಡು. ಉಳಿದದ್ದಕ್ಕೆ ಟ್ರ್ಯಾಕ್ ಬೇಕು, ಬೆಂಗಳೂರಿನವರು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈಗೋ ಕೊಯಮತ್ತೂರಿಗೋ ಹೋಗಬೇಕು. ಅಲ್ಲಿಯೂ ಹೈಬ್ರಿಡ್‌ಗೆ ಒಂದು ಲೆಕ್ಕಾಚಾರ ಇದ್ದೇ ಇದೆ: ಪೂರ್ಣ 830 ಸಿಗುವ ಸ್ಥಿತಿಯಲ್ಲಿ ಬ್ಯಾಟರಿ ಕರಗುತ್ತಾ ಹೋಗುತ್ತದೆ, ಬ್ಯಾಟರಿ ಉಳಿಸುವ ಸ್ಥಿತಿಯಲ್ಲಿ ಅಷ್ಟು ಸಿಗುವುದಿಲ್ಲ.

ಹೀಗಿದ್ದೂ ಕಂಪನಿಗಳೆಲ್ಲ ಹೈಬ್ರಿಡ್ ಹಿಂದೆ ಬಿದ್ದದ್ದು ಯಾಕೆ? ಇದಕ್ಕೆ ಉತ್ತರ ಫೆರಾರಿಯ ಊರಾದ ಮಾರನೆಲ್ಲೊದಲ್ಲಿ ಇರುವಷ್ಟೇ ಯುರೋಪಿನ ಒಕ್ಕೂಟ ಕಾನೂನು ಮಾಡುವ ಬ್ರಸೆಲ್ಸ್‌ನಲ್ಲಿಯೂ ಇದೆ. ಯುರೋಪಿನಲ್ಲಿ ಕಾರು ಒಂದು ಕಿಲೋಮೀಟರಿಗೆ ಎಷ್ಟು ಗ್ರಾಂ ಇಂಗಾಲದ ಡೈಆಕ್ಸೈಡ್ ಉಗುಳುತ್ತದೆ ಎಂಬುದರ ಮೇಲೆ ಕಂಪನಿಗೂ ಕಟ್ಟುಪಾಡು, ಹಲವು ದೇಶಗಳಲ್ಲಿ ಕೊಳ್ಳುವವರಿಗೂ ತೆರಿಗೆ. ಫ್ರಾನ್ಸಿನಲ್ಲಿ 2024ರಲ್ಲಿ ಅತಿ ಹೆಚ್ಚು ಉಗುಳುವ ಕಾರಿಗೆ 60,000 ಯೂರೊ ಹೆಚ್ಚುವರಿ ತೆರಿಗೆ ಇತ್ತು. 296ರ ಅಧಿಕೃತ ಸಂಖ್ಯೆ 149 ಗ್ರಾಂ, ಎಂದರೆ ಆ ಗರಿಷ್ಠ ತೆರಿಗೆಯಿಂದ ಬಹಳ ದೂರ. ಪರೀಕ್ಷೆಯ ಲೆಕ್ಕದಲ್ಲಿ ತುಂಬಿದ ಬ್ಯಾಟರಿಯ ಮೇಲೆ ಓಡಿದ ದೂರವೂ ಸೇರುವುದರಿಂದ ಸಂಖ್ಯೆ ಹೀಗೆ ಚಿಕ್ಕದಾಗುತ್ತದೆ. ನಿಜ ಜೀವನದಲ್ಲಿ ಯಾರೂ ಅದನ್ನು ಹಾಗೆ ಓಡಿಸುವುದಿಲ್ಲ, ಆದರೆ ಕಾಗದಕ್ಕೆ ಅಷ್ಟು ಸಾಕು. ಪ್ಯಾರಿಸ್ಸಿನ ಗಿರಾಕಿಗೆ ಬ್ಯಾಟರಿ ತನ್ನ ತೂಕವನ್ನು ತೆರಿಗೆಯಲ್ಲಿ ತೀರಿಸುತ್ತದೆ.

ಬೆಂಗಳೂರಿನ ಗಿರಾಕಿಗೆ? ಏನೂ ಇಲ್ಲ. ಪೂರ್ತಿ ವಿದ್ಯುತ್ ಕಾರಿಗೆ ಜಿಎಸ್‌ಟಿ ಶೇಕಡ 5. ಇಂತಹ ಹೈಬ್ರಿಡ್‌ಗೆ 2025ರ ಸೆಪ್ಟೆಂಬರ್‌ನಿಂದ ಶೇಕಡ 40, ಬರಿಯ ಪೆಟ್ರೋಲ್ ಸೂಪರ್‌ಕಾರಿಗೆ ಎಷ್ಟೋ ಅಷ್ಟೇ. 2025ರ ಬಜೆಟ್ಟಿನಲ್ಲಿ ಆಮದು ಸುಂಕದ ಹೆಸರು, ವಿಂಗಡಣೆ ಬದಲಾದರೂ ಪೂರ್ತಿ ಕಟ್ಟಿ ಬರುವ ದುಬಾರಿ ಕಾರಿನ ಮೇಲಿನ ಒಟ್ಟು ಹೊರೆ ನೂರು ಪ್ರತಿಶತ ಮೀರಿಯೇ ಉಳಿಯಿತು. ಕರ್ನಾಟಕದ ರಸ್ತೆ ತೆರಿಗೆ ಇಪ್ಪತ್ತು ಲಕ್ಷ ದಾಟಿದ ಕಾರಿಗೆ ಶೇಕಡ 18, 5.40 ಕೋಟಿಗೆ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ಒಂದು ಕೋಟಿ. ಯುರೋಪಿನ ಕಾನೂನಿಗಾಗಿ ಹಾಕಿದ ಬ್ಯಾಟರಿಯನ್ನು ನಾವು ಸುಂಕ ಕಟ್ಟಿ ತರಿಸಿಕೊಂಡು, ತೂಕ ಹೊತ್ತುಕೊಂಡು, ರಿಯಾಯಿತಿ ಮಾತ್ರ ಅಲ್ಲಿಯೇ ಬಿಟ್ಟು ಬರುತ್ತೇವೆ.

ಒಂದು ಸ್ವಾರಸ್ಯದ ಸಂಗತಿ. 2024ರಲ್ಲಿ ಇದೇ ಫೆರಾರಿ ಬಿಡುಗಡೆ ಮಾಡಿದ 12ಚಿಲಿಂದ್ರಿ ಎಂಬ ಕಾರಿನಲ್ಲಿ ಟರ್ಬೊ ಇಲ್ಲ, ಮೋಟಾರಿಲ್ಲ, ಬ್ಯಾಟರಿ ಇಲ್ಲ. 6.5 ಲೀಟರಿನ ವಿ12 ಎಂಜಿನ್ 9,500 ಸುತ್ತು ತಿರುಗುತ್ತದೆ. ಅಶ್ವಶಕ್ತಿ ಎಷ್ಟು ಗೊತ್ತೇ? 830. ಹೈಬ್ರಿಡ್ 296ರಲ್ಲಿ ಇರುವಷ್ಟೇ. ಬೆಲೆ ಮಾತ್ರ ಇನ್ನೂ ಬಹಳ ಮೇಲೆ. ಬ್ಯಾಟರಿ ಇಲ್ಲದಿರುವುದೇ ಈಗ ಹೆಚ್ಚಿನ ಐಷಾರಾಮ.

ಇಷ್ಟಾದರೂ ನಾನು ಭಾವನಿಗೆ "ಬೇಡ" ಎನ್ನುತ್ತಿರಲಿಲ್ಲ. ಕೈಗೆ ಸಿಕ್ಕಿದ ಬೆಳಿಗ್ಗೆ ಅಷ್ಟು ಚೆನ್ನಾಗಿತ್ತು. ನನ್ನನ್ನು ಹಿಂದಕ್ಕೆ ಎಳೆದದ್ದು ಕಾಲದ ಲೆಕ್ಕ.

2024ರಲ್ಲಿ ಫೆರಾರಿ ತನ್ನ ಹೈಬ್ರಿಡ್ ಕಾರುಗಳಿಗಾಗಿ ಹೊಸ ವಾರಂಟಿ ವಿಸ್ತರಣೆಗಳನ್ನು ಪ್ರಕಟಿಸಿತು. ಅವುಗಳಲ್ಲಿ ಒಂದರ ಪ್ರಕಾರ, ವರ್ಷ ವರ್ಷವೂ ಹಣ ಕಟ್ಟುತ್ತಾ ಹೋದರೆ ಕಾರಿನ ಎಂಟನೇ ವರ್ಷದಲ್ಲಿ ಒಮ್ಮೆ, ಹದಿನಾರನೇ ವರ್ಷದಲ್ಲಿ ಮತ್ತೊಮ್ಮೆ ಹೊಸ ಬ್ಯಾಟರಿ ಹಾಕಿಕೊಡುತ್ತಾರೆ. ಗಿರಾಕಿಗಳ ಭಯ ಕಳೆಯಲು, ಬಳಸಿದ ಕಾರುಗಳ ಬೆಲೆ ಕುಸಿಯುವುದನ್ನು ತಡೆಯಲು ಮಾಡಿದ ಏರ್ಪಾಡು ಇದು, ಪ್ರಾಮಾಣಿಕವಾದದ್ದೇ. ಆದರೆ ಓದಿದವನಿಗೆ ತಿಳಿಯುವುದು ಇನ್ನೊಂದು: ಇಷ್ಟು ದಿನ ಸೂಪರ್‌ಕಾರಿಗೆ ಇಲ್ಲದಿದ್ದ ಗಡುವು ಈಗ ಬಂದಿದೆ, ಅದನ್ನು ಕಟ್ಟಿದವರೇ ತಾರೀಖು ಬರೆದಿದ್ದಾರೆ. 1990ರ ಹೊಂಡಾ ಎನ್‌ಎಸ್‌ಎಕ್ಸ್ ಅನ್ನು ತೆಗೆದುಕೊಳ್ಳಿ. ಫಾರ್ಮುಲಾ ಒನ್ ಚಾಂಪಿಯನ್ ಅಯರ್ಟನ್ ಸೆನ್ನಾ ಜಪಾನಿನ ಸುಜುಕಾ ಟ್ರ್ಯಾಕಿನಲ್ಲಿ ಓಡಿಸಿ ನೋಡಿ ಗಡುಸು ಸಾಲದು ಎಂದು ಹೇಳಿದ, ಅಲ್ಯೂಮಿನಿಯಮ್ ಮೈಯ ಆ ಕಾರು ಮೂರೂವರೆ ದಶಕ ಕಳೆದರೂ ಎಣ್ಣೆ ಬದಲಿಸಿ, ಬೆಲ್ಟು ಬದಲಿಸಿ ಓಡುತ್ತದೆ. ಅದೇ ಹೆಸರಿನಲ್ಲಿ 2016ರಲ್ಲಿ ಅಮೆರಿಕದ ಒಹಾಯೊದಲ್ಲಿ ಕಟ್ಟಲು ಶುರು ಮಾಡಿದ ಹೈಬ್ರಿಡ್ ಎನ್‌ಎಸ್‌ಎಕ್ಸ್‌ನಲ್ಲಿ ಮೂರು ಮೋಟಾರು, ಎರಡು ಟರ್ಬೊ, ಒಂಬತ್ತು ಗೇರು. ಬುದ್ಧಿವಂತ ಕಾರು. 2022ರಲ್ಲಿ ತಯಾರಿಕೆ ನಿಂತಿತು. ಇಪ್ಪತ್ತು ವರ್ಷದ ಮೇಲೆ ಅದರ ಬ್ಯಾಟರಿಯನ್ನು, ಅದಕ್ಕೆ ತಕ್ಕ ತಂತ್ರಾಂಶವನ್ನು ಯಾರು ಒದಗಿಸುತ್ತಾರೆ? ಎಂಜಿನ್ನಿನ ಪಿಸ್ಟನ್ನನ್ನು ಪೀಣ್ಯದ ಒಳ್ಳೆಯ ಕಾರ್ಖಾನೆಯವನೊಬ್ಬ ಮಾಡಿಕೊಡಬಲ್ಲ. ಹೆಚ್ಚು ವೋಲ್ಟಿನ ಬ್ಯಾಟರಿಯನ್ನೂ ಅದರ ಜೊತೆ ಮಾತಾಡುವ ಕಂಪ್ಯೂಟರನ್ನೂ ಮಾಡಿಕೊಡಲಾರ.

ಭಾವ ಇದಕ್ಕೂ ಎದುರು ಹೇಳಿದರು. "2013ರಲ್ಲಿ ಬಂದ ಪೋರ್ಷೆ 918, ಮೆಕ್‌ಲಾರೆನ್ ಪಿ1, ಲಾಫೆರಾರಿ, ಮೂರೂ ಹೈಬ್ರಿಡ್. ಮೂರರ ಬೆಲೆಯೂ ಏರಿದೆ, ಇಳಿದಿಲ್ಲ. ಬ್ಯಾಟರಿ ಭಯ ಅವಕ್ಕೆ ಯಾಕಿಲ್ಲ?" ಒಳ್ಳೆಯ ಪ್ರಶ್ನೆ. 918 ಆ ವರ್ಷ ಜರ್ಮನಿಯ ನುರ್ಬರ್ಗ್‌ರಿಂಗ್ ಟ್ರ್ಯಾಕನ್ನು 6 ನಿಮಿಷ 57 ಸೆಕೆಂಡಿನಲ್ಲಿ ಸುತ್ತಿತು, ಏಳು ನಿಮಿಷದೊಳಗೆ ಮುಗಿಸಿದ ಮೊದಲ ಮಾರಾಟದ ಕಾರು ಎಂದು ಪೋರ್ಷೆ ಹೇಳಿಕೊಂಡಿತು; ಅದಕ್ಕೆ ಇತಿಹಾಸದಲ್ಲಿ ಜಾಗವಿದೆ. ಜೊತೆಗೆ ಅವು ಇರುವುದೇ ಬೆರಳೆಣಿಕೆಯಷ್ಟು: ಪೋರ್ಷೆಯದು ಹೆಸರಿನಲ್ಲಿರುವಷ್ಟೇ, 918 ಕಾರು; ಪಿ1 375, ಛಾವಣಿಯ ಲಾಫೆರಾರಿ 499, ಮಧ್ಯ ಇಟಲಿಯ ಭೂಕಂಪ ಸಂತ್ರಸ್ತರಿಗಾಗಿ ಹರಾಜು ಹಾಕಲು ಕಟ್ಟಿದ್ದು ಇನ್ನೊಂದು. ಅಷ್ಟು ಅಪರೂಪದ ವಸ್ತುವಿಗೆ ಎಷ್ಟು ಖರ್ಚಾದರೂ ಬ್ಯಾಟರಿ ಹಾಕಿಸುವವರು ಇರುತ್ತಾರೆ. 296 ಅಂಥದಲ್ಲ. ಅದು ಸಂಖ್ಯೆಯ ಮಿತಿಯಿಲ್ಲದೆ ತಯಾರಾದ ಕಾರು. 2024ರಲ್ಲಿ ಫೆರಾರಿ ಕಳಿಸಿದ 13,752 ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೈಬ್ರಿಡ್. ಸಂತೆಯಲ್ಲಿ ರಾಶಿ ಬಿದ್ದಿರುವಾಗ ಬ್ಯಾಟರಿ ಹಳತಾದ ಒಂದನ್ನು ಯಾರೂ ತಲೆಯ ಮೇಲೆ ಹೊತ್ತುಕೊಳ್ಳುವುದಿಲ್ಲ.

ಹಾಗಾಗಿ ನಾನು ಭಾವನಿಗೆ ಹೇಳಿದ್ದು ಇಷ್ಟು. ಓಡಿಸಲು ಇಂದು ಇದಕ್ಕಿಂತ ಚೆನ್ನಾದ ಟರ್ಬೊ ಕಾರು ಸಿಗುವುದು ಕಷ್ಟ. ಹೊಸದನ್ನು ಕೊಂಡು ಮಕ್ಕಳ ಕಾಲಕ್ಕೆ ಇಟ್ಟುಕೊಳ್ಳುತ್ತೇನೆ ಎನ್ನುವವರಿಗೆ ಇದು ಸರಿಯಲ್ಲ. ಮೂರು ನಾಲ್ಕು ವರ್ಷ ಚೆನ್ನಾಗಿ ಓಡಿಸಿ, ವಾರಂಟಿ ಇರುವಾಗಲೇ ಮಾರಿ, ನಷ್ಟವನ್ನು ಸಂತೋಷದ ಖರ್ಚು ಎಂದು ಬರೆದುಕೊಳ್ಳುವ ಮನಸ್ಸಿದ್ದರೆ ಕೊಳ್ಳಿ. ಆ ನಷ್ಟ ಒಂದು ಒಳ್ಳೆಯ ಮನೆಯಷ್ಟಾಗಬಹುದು ಎಂಬುದನ್ನೂ ಅಕ್ಕನಿಗೆ ಮೊದಲೇ ಹೇಳಿಬಿಡಿ. ಬರಿಯ ತಿರುವಿನ ಸುಖ ಬೇಕೆಂದರೆ ಒಳ್ಳೆಯ ಸ್ಥಿತಿಯ ಜಿಟಿ3 ಹುಡುಕಿ, ಉಳಿದ ಹಣದಲ್ಲಿ ವರ್ಷವಿಡೀ ಟ್ರ್ಯಾಕಿಗೆ ಹೋಗಿ, ಟೈರು ಸುಟ್ಟು ಬನ್ನಿ. ಯಂತ್ರವೇ ಹೇಗೆ ಕೆಲಸ ಮಾಡುತ್ತದೆ ಎಂಬ ಬೆರಗಿನಲ್ಲಿ ಸುಖ ಕಾಣುವವರೂ ಇದ್ದಾರೆ. ಅವರಿಗೆ ಎರಡು ಶಕ್ತಿಗಳು ಹೊಂದಿಕೊಂಡು ದುಡಿಯುವುದನ್ನು ಪಾದದಡಿ ಅರಿಯುವುದೇ ಓಡಿಸುವುದಕ್ಕಿಂತ ದೊಡ್ಡ ಮೋಜು. ಭಾವ ಆ ಜಾತಿಯವರಲ್ಲ ಎಂದು ನನ್ನ ಅಂದಾಜು. ಅಂದಾಜು ಮಾತ್ರ.

ಇನ್ನೊಂದು ದಾರಿ ತೆರೆಯುತ್ತಿದೆ, ಅದರ ಮೇಲೆ ನನಗೆ ಹೆಚ್ಚು ನಂಬಿಕೆ. 2024ರಲ್ಲಿ ಪೋರ್ಷೆ 911 ಜಿಟಿಎಸ್‌ಗೆ ಹಾಕಿದ ಹೈಬ್ರಿಡ್ ವ್ಯವಸ್ಥೆಯಲ್ಲಿ ಬ್ಯಾಟರಿ ಬರಿಯ 1.9 ಕಿಲೋವ್ಯಾಟ್ ಗಂಟೆಯದು. ಪ್ಲಗ್ ಇಲ್ಲ, ಬ್ಯಾಟರಿಯ ಮೇಲೆಯೇ ಊರು ಸುತ್ತುವ ಆಟವಿಲ್ಲ. ಟರ್ಬೊದ ಒಳಗೇ ಪುಟ್ಟ ಮೋಟಾರು ಕೂರಿಸಿ ಅದನ್ನು ತಕ್ಷಣ ತಿರುಗಿಸುತ್ತಾರೆ, ಹಾಗಾಗಿ ಎರಡು ಟರ್ಬೊ ಬೇಕಿದ್ದ ಕಡೆ ಒಂದೇ ಸಾಕಾಯಿತು. ಹೆಚ್ಚಿದ ತೂಕ ಸುಮಾರು 50 ಕಿಲೊ. ಕಾಗದದ ಮೇಲಿನ ಗ್ರಾಂ ಲೆಕ್ಕಕ್ಕಾಗಿ ಅಲ್ಲದೆ ಎಂಜಿನ್ನಿನ ಕೊರತೆ ತುಂಬಲೆಂದೇ ವಿದ್ಯುತ್ತನ್ನು ಬಳಸಿದ ರೀತಿ ಇದು. ಹತ್ತು ವರ್ಷದ ಮೇಲೆ ಬದಲಿಸಬೇಕಾಗಿ ಬಂದರೂ ಅಷ್ಟು ಚಿಕ್ಕ ಬ್ಯಾಟರಿಗೆ ಜೇಬು ಪೂರ್ತಿ ಹರಿಯಲಿಕ್ಕಿಲ್ಲ.

ಭಾವ ಇನ್ನೂ ಯಾವುದನ್ನೂ ಕೊಂಡಿಲ್ಲ. ಮೊನ್ನೆ ಫೋನ್ ಮಾಡಿ, ಮೂರು ವರ್ಷ ಹಳೆಯ 296 ಒಂದು ಹೈದರಾಬಾದಿನಲ್ಲಿ ಮಾರಾಟಕ್ಕಿದೆಯಂತೆ, ಭಾನುವಾರ ಹೋಗಿ ನೋಡಿ ಬರೋಣ ಎಂದರು. ಬರುತ್ತೇನೆ ಎಂದೆ. ಹೊರಡುವ ಮೊದಲು ಬ್ಯಾಟರಿಯ ಆರೋಗ್ಯದ ವರದಿ ತರಿಸಿಕೊಳ್ಳಿ, ವಾರಂಟಿ ಎಷ್ಟು ಉಳಿದಿದೆ ಎಂದು ಬರವಣಿಗೆಯಲ್ಲಿ ಕೇಳಿ ಎಂದೂ ಹೇಳಿದ್ದೇನೆ. "ಸರಿ, ಸರಿ" ಎಂದರು. ತರಿಸಿಕೊಂಡಿರಲಾರರು.